ಹೊಯ್ಸಳ ಮಂಟಪಗಳೂ ಭಿನ್ನಗ್ರಾಹಿಗಳೂ: ಬೇಲೂರು, ಹಳೇಬೀಡು, ಅರಸೀಕೆರೆಗಳ ದೇವಾಲಯಗಳನ್ನು ಕುರಿತ ಒಂದು ವಿಚಾರ

ಹೊಯ್ಸಳರ ದೇವಾಲಯಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಚಾರವು ಬಹುಮಟ್ಟಿಗೆ ಅವುಗಳ ಹೊರಗೋಡೆಗೆ ಸಂಬಂಧಿಸಿದ್ದಾಗಿದೆ. ೧೯೦೨ರಲ್ಲಿ ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಹೊರತಂದ ಮೇಲೆ ದೇವಾಲಯಗಳ ಕಾಲವೂ ಕಟ್ಟಿಸಿದವರ ಹೆಸರುಗಳೂ ಸ್ಪಷ್ಟವಾದುವು. ೧೯೧೯ರಲ್ಲಿ ಆರ್. ನರಸಿಂಹಾಚಾರ್ಯರು ಬೇಲೂರಿನ ಕೇಶವ ದೇವಾಲಯವನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ಬರೆದರು. ಇಂಥವರ ಶ್ರಮದಿಂದ ಮದನಿಕೆಯರ ಭಂಗಿಗಳನ್ನೂ ಶಿಲ್ಪಿಗಳ ಅಂಕಿತಗಳನ್ನೂ ಮೂರ್ತಿಗಳ ಲಕ್ಷಣಗಳನ್ನೂ ನಾವು ತಕ್ಕಮಟ್ಟಿಗೆ ಅರಿತಿದ್ದೇವೆ. ಆದರೆ ಆ ಕಟ್ಟಡದೊಳಗೆ ಒಬ್ಬ ಮನುಷ್ಯನು ಕಾಲಿಟ್ಟಾಗ ಅವನ ಕಣ್ಣು, ಕಿವಿ, ಅಂಗಾಲುಗಳಿಗೆ ಏನು ಸಂಭವಿಸುತ್ತದೆ, ಅವನು ಎಲ್ಲಿ ತಡೆದು ನಿಲ್ಲಬಲ್ಲನು, ಎಲ್ಲಿ ಕುಳಿತುಕೊಳ್ಳಬಲ್ಲನು, ಬೇಡವೆನಿಸಿದರೆ ಎಷ್ಟು ಹೆಜ್ಜೆಗಳಲ್ಲಿ ಹೊರಬರಬಲ್ಲನು ಎಂಬ ಪ್ರಶ್ನೆಗಳಿಗೆ ನಮ್ಮ ವಾಸ್ತುಚರಿತ್ರೆಯಲ್ಲಿ ದೊರೆತಿರುವ ಎಡೆ ಅಲ್ಪವೆಂದೇ ಹೇಳಬೇಕು. ಈ ಪ್ರಶ್ನೆಗಳನ್ನು ಎತ್ತಲು ಈಗ ಒಂದು ಹೊಸ ಕಾರಣವು ಒದಗಿರುವುದು.

ಆಟಿಸಂ, ಡಿಸ್ಲೆಕ್ಸಿಯಾ, ಗಮನವು ಒಂದೆಡೆ ನಿಲ್ಲದ ಸ್ವಭಾವ ಮುಂತಾದುವನ್ನು ಹುಟ್ಟಿನಿಂದಲೇ ಪಡೆದ ಜನರು ಎಲ್ಲ ಕಾಲದಲ್ಲಿಯೂ ಎಲ್ಲ ಊರುಗಳಲ್ಲಿಯೂ ಇದ್ದಿರಬೇಕು. ಅವರನ್ನು ವೈದ್ಯಶಾಸ್ತ್ರವು ಗುರುತಿಸಿದ್ದು ಮಾತ್ರ ಇತ್ತೀಚೆಗೆ. ಲಿಯೋ ಕ್ಯಾನರ್ ಎಂಬ ವೈದ್ಯನು ಆಟಿಸಂ ಕುರಿತ ತನ್ನ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದ್ದು ೧೯೪೩ರಲ್ಲಿ. ಇದನ್ನು ರೋಗವೆನ್ನದೆ ಮನುಷ್ಯಜಾತಿಯ ಸಹಜವಾದ ವೈವಿಧ್ಯವೆಂದು ತಿಳಿಯಬೇಕೆಂಬ ವಾದವು ೧೯೯೦ರ ದಶಕದಲ್ಲಿ ಬಲಗೊಂಡು, ನ್ಯೂರೋಡೈವರ್ಸಿಟಿ ಎಂಬ ಹೆಸರನ್ನು ಪಡೆಯಿತು. ಕನ್ನಡದಲ್ಲಿ ಇದಕ್ಕೆ 'ನರವೈವಿಧ್ಯ' ಎಂದು ಪದಕ್ಕೆ ಪದವಿಟ್ಟು ಹೇಳಬಹುದಾದರೂ, ನರ ಎಂದೊಡನೆ ನಮ್ಮ ಕಿವಿಗೆ ನರದೌರ್ಬಲ್ಯವೇ ಮೊದಲು ಕೇಳಿಸುವುದು. ಲೋಕವನ್ನು ಬೇರೆ ರೀತಿಯಲ್ಲಿ ಗ್ರಹಿಸುವವರು ಎಂಬ ಅರ್ಥದಲ್ಲಿ 'ಭಿನ್ನಗ್ರಾಹಿ' ಎಂಬ ಮಾತನ್ನು ಈ ಲೇಖನದ ಮಟ್ಟಿಗೆ ಬಳಸಿದ್ದೇನೆ. ಇದಕ್ಕಿಂತ ಒಳ್ಳೆಯ ಮಾತು ದೊರೆತರೆ ಇದನ್ನು ಬಿಡಲು ಅಡ್ಡಿಯಿಲ್ಲ. ಮರುಳ, ಬೆಪ್ಪ, ಮಂಕ, ದಡ್ಡ ಎಂದು ನಮ್ಮ ಹಳ್ಳಿಗಳಲ್ಲಿಯೂ ಶಾಲೆಗಳಲ್ಲಿಯೂ ಬಳಕೆಯಲ್ಲಿರುವ ಮಾತುಗಳಿಗಿಂತ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ.

ಇಂಥವರಲ್ಲಿ ಅನೇಕರಿಗೆ ಇಂದ್ರಿಯಗಳ ಬಾಗಿಲು ನಮ್ಮಂತೆ ಅರ್ಧ ಮುಚ್ಚಿರುವುದಿಲ್ಲ. ನಮಗೆ ಕೇಳಿಸಿಯೂ ಕೇಳಿಸದಂತಿರುವ ಗುಜುಗುಜು ಅವರಿಗೆ ನಗಾರಿಯಾಗುವುದು. ನಮಗೆ ಬರಿಯ ಬಿಸಿಲೆನಿಸುವುದು ಅವರ ಕಣ್ಣನ್ನು ಇರಿಯುವುದು. ಮತ್ತೆ ಕೆಲವರಿಗೆ ಇದಕ್ಕೆ ವಿರುದ್ಧವಾಗಿ ಸ್ಪರ್ಶ, ಚಲನೆ, ಬಣ್ಣಗಳು ಎಷ್ಟಿದ್ದರೂ ಸಾಲವು. ಇವರಿಗೆ ಒಗ್ಗುವ ಕಟ್ಟಡಗಳು ಹೇಗಿರಬೇಕೆಂಬ ಶಾಸ್ತ್ರವು ಈಚೆಗೆ ಬೆಳೆಯುತ್ತಿದೆ. ಈಜಿಪ್ಟಿನ ವಾಸ್ತುವಿದುಷಿ ಮಗ್ದಾ ಮೋಸ್ತಾಫಾ ಎಂಬುವರು ಆಟಿಸಂ ಇರುವ ಮಕ್ಕಳ ಶಾಲೆಗಳಲ್ಲಿ ಪರೀಕ್ಷೆ ನಡೆಸಿ ೧೯೪೩ರ ಲೇಖನಕ್ಕೆ ಅರವತ್ತೈದು ವರ್ಷಗಳ ತರುವಾಯ, ಎಂದರೆ ೨೦೦೮ರಲ್ಲಿ, ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಆ ಮೇಲೆ ಏಳು ಸೂತ್ರಗಳನ್ನು ರೂಪಿಸಿದರು. ಶಬ್ದದ ಹತೋಟಿ, ಎಡೆಗಳ ಅನುಕ್ರಮ, ಸರಿದು ನಿಲ್ಲಲು ತಾವು, ದೊಡ್ಡ ಎಡೆಯನ್ನು ಸಣ್ಣ ಎಡೆಗಳಾಗಿ ವಿಂಗಡಿಸುವುದು, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಸಂಕ್ರಮಣದ ಸ್ಥಳ, ಇಂದ್ರಿಯಗಳ ಹೊರೆಗೆ ತಕ್ಕಂತೆ ವಲಯಗಳು, ಕ್ಷೇಮ ಎಂಬಿವೇ ಆ ಏಳು. ೨೦೨೨ರಲ್ಲಿ ಬ್ರಿಟಿಷ್ ಮಾನಕ ಸಂಸ್ಥೆಯವರು ಇದೇ ವಿಷಯದಲ್ಲಿ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಂ ಮತ್ತು ಕಲಿಕೆಯ ವಿಶಿಷ್ಟ ತೊಡಕುಗಳನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತು. ಆದರೂ ನಮ್ಮಲ್ಲಿ ಸೌಕರ್ಯವೆಂದರೆ ಇನ್ನೂ ಇಳಿಜಾರು ದಾರಿಯೂ ಕೈಗಂಬಿಯೂ ಮಾತ್ರ. ಅವು ಬೇಕಾದುವೇ, ಆದರೆ ಕಾಲು ಗಟ್ಟಿಯಾಗಿದ್ದು ಕಿವಿ ಬಳಲುವವನಿಗೆ ಅವುಗಳಿಂದ ಆಗುವ ಪ್ರಯೋಜನವೇನು?

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಏಳುವುದು. ಹನ್ನೆರಡನೆಯ ಶತಮಾನದ ಸ್ಥಪತಿಗಳಿಗೆ ಈ ವಿಚಾರವೆಲ್ಲ ಎಲ್ಲಿ ತಿಳಿದಿತ್ತು? ತಿಳಿದಿರಲಿಲ್ಲವೆಂಬುದೇ ಉತ್ತರ. ಇಂದಿನ ಶಾಸ್ತ್ರವೆಲ್ಲವೂ ನಮ್ಮ ಹಿರಿಯರಿಗೆ ಗೊತ್ತಿತ್ತೆಂದು ಸಾಧಿಸುವ ಹವ್ಯಾಸವು ಚರಿತ್ರೆಗೆ ಹಿತವಲ್ಲ. ಹೊಯ್ಸಳರ ಸಮಕಾಲದ ದಾನಶಾಸನಗಳನ್ನು ನೋಡಿದರೆ ಆ ಕಾಲದ ಕರುಣೆ ಯಾರ ತನಕ ಮುಟ್ಟುತ್ತಿತ್ತೆಂಬುದು ಕೊಂಚ ತಿಳಿಯುವುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು ಈ ವಿಷಯದಲ್ಲಿ ಪ್ರಸಿದ್ಧವಾದುದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ನಾನಾ ಬಗೆಯ ಭಿಕ್ಷುಗಳು ಇವರೆಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು, ಸಕಲ ಪ್ರಾಣಿಗಳಿಗೂ ಅಭಯವಿತ್ತು ಎಂದು ಆ ಶಾಸನದ ತಾತ್ಪರ್ಯ. ಎಂಥ ಉದಾರವಾದ ಪಟ್ಟಿ! ಆದರೂ ಇದರಲ್ಲಿ ಹೆಸರಿಟ್ಟು ಹೇಳಿರುವ ಕೊರತೆಗಳು ಹೊರಗಣ್ಣಿಗೆ ಕಾಣುವಂಥವು ಎಂಬುದನ್ನು ಗಮನಿಸಬೇಕು. ಕಾಣದ ಭಿನ್ನತೆಯನ್ನು ಹೊತ್ತವನು ಅಲ್ಲಿಗೆ ಬಂದಿದ್ದರೆ ಅನಾಥರ ಸಾಲಿನಲ್ಲಿಯೋ ಭಿಕ್ಷುಗಳ ಸಾಲಿನಲ್ಲಿಯೋ ಕುಳಿತು ಉಂಡಿರಬೇಕು. ಇನ್ನು ದೇವಾಲಯದ ಒಳಗೆ ಬರಲು ಎಲ್ಲರಿಗೂ ಅಧಿಕಾರವಿರಲಿಲ್ಲವೆಂಬುದನ್ನೂ ಮರೆಯಲಾಗದು. ಆದುದರಿಂದ ಕಟ್ಟಿದವರ ಸಂಕಲ್ಪವನ್ನು ನಾನು ಇಲ್ಲಿ ವಿಚಾರಿಸುತ್ತಿಲ್ಲ; ಕಟ್ಟಡದ ಗುಣವನ್ನು ಮಾತ್ರ ವಿಚಾರಿಸುತ್ತಿದ್ದೇನೆ. ಕೆರೆಯನ್ನು ಗದ್ದೆಗೆಂದು ಕಟ್ಟಿದರೂ ಅದರ ನೀರನ್ನು ಹಕ್ಕಿಯೂ ಕುಡಿಯುತ್ತದೆಯಷ್ಟೆ.

ಮೊದಲು ಬೇಲೂರನ್ನು ತೆಗೆದುಕೊಳ್ಳೋಣ. ಕ್ರಿ. ಶ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಈ ದೇವಾಲಯದ ನವರಂಗವು ಆಗ ಇಂದಿನಂತೆ ಇರಲಿಲ್ಲ. ಅದು ಸುತ್ತಲೂ ತೆರೆದ ಮಂಟಪವಾಗಿತ್ತು. ಕಂಬಗಳ ನಡುವೆ ಎದೆಮಟ್ಟದ ಗೋಡೆ, ಆ ಗೋಡೆಯ ಒಳಮಗ್ಗುಲಿಗೆ ಕಲ್ಲಿನ ಆಸನ, ಆಸನಕ್ಕೆ ಹೊರಕ್ಕೆ ಬಾಗಿದ ಒರಗು, ಇದನ್ನೇ ವಾಸ್ತುಗ್ರಂಥಗಳು ಕಕ್ಷಾಸನವೆನ್ನುವುವು. ಒರಗಿನ ಮೇಲಿನಿಂದ ಸೂರಿನ ವರೆಗೆ ಬರಿಯ ಗಾಳಿ ಬೆಳಕು. ಎರಡನೆಯ ಬಲ್ಲಾಳನ ಆಳ್ವಿಕೆಯಲ್ಲಿ, ಎಂದರೆ ೧೧೭೩ರಿಂದ ೧೨೨೦ರ ನಡುವೆ, ಈ ತೆರಪುಗಳನ್ನು ಜಾಲಂದ್ರಗಳಿಂದ ಮುಚ್ಚಿದರೆಂದು ವಿದ್ವಾಂಸರ ನಿರ್ಣಯ. ಒರಗುಗೋಡೆಯ ಶಿಲ್ಪಪಟ್ಟಿಕೆಗಳು ಜಾಲಂದ್ರದ ಕೆಳಗೆ ಹಾಗೆಯೇ ಸುತ್ತುವರಿದಿರುವುದನ್ನು ನೋಡಿದ ಯಾರಿಗಾದರೂ ಇದು ಒಪ್ಪಿಗೆಯಾಗುವುದು. ಹಾಗಾದರೆ ಅರ್ಧ ಶತಮಾನಕ್ಕೂ ಮಿಗಿಲಾಗಿ ತೆರೆದಿದ್ದ ಮಂಟಪವೊಂದು ತರುವಾಯ ಮುಚ್ಚಿದ ಸಭೆಯಾಯಿತು. ಪೂಜೆಗೆ ಗಂಭೀರವಾದ ಮಬ್ಬು ಬೇಕೆಂದೋ ಒಳಗಿನ ಸೊತ್ತಿನ ಕಾವಲಿಗೆಂದೋ ಹೀಗೆ ಮಾಡಿರಬಹುದು. ನಮಗೆ ಮುಖ್ಯವಾದುದು ಇದರಿಂದ ಒಳಗಿನ ಅನುಭವವು ಹೇಗೆ ಬದಲಾಯಿತೆಂಬುದು.

ಜಾಲಂದ್ರಗಳಲ್ಲಿ ಹತ್ತರ ಮೇಲೆ ಪುರಾಣಕಥೆಗಳನ್ನು ಕಂಡರಿಸಿದ್ದಾರೆ, ಮಿಕ್ಕವುಗಳಲ್ಲಿ ರೇಖಾವಿನ್ಯಾಸಗಳಿವೆ. ಅವುಗಳ ರಂಧ್ರಗಳಿಂದ ಬೆಳಕು ಸಣ್ಣ ಸಣ್ಣ ತುಣುಕುಗಳಾಗಿ ಒಳಗೆ ಬೀಳುವುದು. ಹೊರಗಿನ ಅಂಗಳದ ಬಿಸಿಲಿನಿಂದ ಒಮ್ಮೆಗೇ ಒಳನುಗ್ಗಿದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಹಲವು ನಿಮಿಷಗಳು ಬೇಕು. ಸಾಧಾರಣ ಯಾತ್ರಿಕನು ಇದನ್ನು ಲೆಕ್ಕಿಸದೆ ಮುಂದಿನವರ ಬೆನ್ನನ್ನು ಅನುಸರಿಸಿ ನಡೆಯುವನು. ಭಿನ್ನಗ್ರಾಹಿಗೆ ಆ ಕ್ಷಣವೇ ದುಸ್ತರವಾದುದು: ಬೆಳಕು ಹೋಯಿತು, ಹಿಂದಿನಿಂದ ಜನ ತಳ್ಳುತ್ತಿದ್ದಾರೆ, ಕಾಲಡಿಯ ಕಲ್ಲು ಕಾದದ್ದು ತಟ್ಟನೆ ತಣ್ಣಗಾಯಿತು, ಗಂಟೆಯ ನಾದವು ಎಲ್ಲ ಕಡೆಯಿಂದಲೂ ಮರಳಿ ಬರುತ್ತಿದೆ. ಬಳಪದ ಕಲ್ಲಿನ ನಯವಾದ ಕಂಬಗಳೂ ಕಲ್ಲಿನ ನೆಲವೂ ಕಲ್ಲಿನ ಚಾವಣಿಯೂ ಶಬ್ದವನ್ನು ಹೀರುವ ಬದಲು ಹಿಂದಿರುಗಿಸುವುವು. ತೆರೆದಿದ್ದಾಗ ಕಂಬಗಳ ನಡುವಿನಿಂದ ಹೊರಗೆ ಹರಿದುಹೋಗುತ್ತಿದ್ದ ನಾದದ ಬಹುಭಾಗವು ಈಗ ಒಳಗೇ ಸುತ್ತುವುದು. ಮೋಸ್ತಾಫಾ ಅವರು ತಮ್ಮ ಏಳು ಸೂತ್ರಗಳಲ್ಲಿ ಶಬ್ದವನ್ನೇ ಮೊದಲಿಗೆ ಇಟ್ಟಿರುವುದನ್ನು ನೆನೆದರೆ, ಜಾಲಂದ್ರಗಳ ಸೌಂದರ್ಯಕ್ಕೆ ತೆತ್ತ ಬೆಲೆ ಎಂಥದೆಂಬುದು ತಿಳಿಯುವುದು.

ಆದರೂ ಬೇಲೂರಿನಲ್ಲಿ ಎರಡು ಅನುಕೂಲಗಳು ಉಳಿದಿವೆ. ನವರಂಗಕ್ಕೆ ಪೂರ್ವ, ದಕ್ಷಿಣ, ಉತ್ತರ ಈ ಮೂರು ದಿಕ್ಕಿನಲ್ಲಿಯೂ ಬಾಗಿಲುಗಳಿರುವುದು ಒಂದು. ಒಂದೇ ಬಾಗಿಲಿನ ಕೋಣೆಯಲ್ಲಿ ಬಾಗಿಲ ಮುಂದೆ ಜನ ನಿಂತೊಡನೆ ಒಳಗಿರುವವನು ಸೆರೆಯಾಗುವನು. ಮೂರು ಬಾಗಿಲಿದ್ದಲ್ಲಿ ಒಂದಾದರೂ ತೆರವಾಗಿರುವುದು. ಇನ್ನೊಂದು, ನಡುವಿನ ಹಾದಿಯ ಅಕ್ಕಪಕ್ಕಗಳಲ್ಲಿರುವ ಎತ್ತರದ ಜಗಲಿಗಳು. ಹಿಂದಿನ ಕಕ್ಷಾಸನದ ಅಂಚು ಇವುಗಳ ಹಿಂಬದಿಗೆ ಇರುವುದು. ನಡುವಿನ ಪ್ರವಾಹದಿಂದ ಎರಡು ಹೆಜ್ಜೆ ಮೇಲಕ್ಕೆ ಸರಿದು, ಬೆನ್ನಿಗೆ ಗೋಡೆ ಕೊಟ್ಟು, ಕಂಬಗಳ ಮರೆಯಲ್ಲಿ ಕುಳಿತವನಿಗೆ ಎಲ್ಲವೂ ಕಾಣುವುದು. ಅವನನ್ನು ಯಾರೂ ಹಿಂದಿನಿಂದ ಸೋಕರು. ನಮ್ಮ ಹಳೆಯ ಮನೆಗಳ ಬೀದಿಜಗಲಿಗೂ ಇದಕ್ಕೂ ಬಳಗವುಂಟೆಂದು ನನ್ನ ಭಾವನೆ. ಮದುವೆಯ ಗದ್ದಲವನ್ನು ತಾಳಲಾರದ ಹುಡುಗನು ಜಗಲಿಯ ಕಂಬವನ್ನು ತಬ್ಬಿ ಕುಳಿತಿರುವುದನ್ನು ಯಾರು ಕಂಡಿಲ್ಲ? ಅವನು ಮದುವೆಯನ್ನು ಬಿಟ್ಟು ಹೋದವನಲ್ಲ. ತನಗೆ ತಾಳುವಷ್ಟು ದೂರದಲ್ಲಿ ಅದರೊಳಗೆ ಇರುವವನು.

ಬೇಲೂರಿನಿಂದ ಸುಮಾರು ೧೬ ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಸುಮಾರು ೧೧೨೧ರಲ್ಲಿ ಕೇತಮಲ್ಲನ ಹೊಣೆಯಲ್ಲಿ ಆರಂಭವಾದ ಹೊಯ್ಸಳೇಶ್ವರ ದೇವಾಲಯವು ಎರಡು ಗರ್ಭಗೃಹಗಳ ದೊಡ್ಡ ಕಟ್ಟಡ. ಪೂರ್ವದಲ್ಲಿ ಎರಡು, ಉತ್ತರ ದಕ್ಷಿಣಗಳಲ್ಲಿ ಒಂದೊಂದು, ಹೀಗೆ ನಾಲ್ಕು ಬಾಗಿಲುಗಳಿರುವುದರಿಂದಲೂ ಎರಡು ನವರಂಗಗಳು ಉದ್ದವಾಗಿ ಕೂಡಿಕೊಂಡಿರುವುದರಿಂದಲೂ ಒಳಗಿನ ಇಕ್ಕಟ್ಟು ಬೇಲೂರಿಗಿಂತ ಕಡಮೆ. ಇಲ್ಲಿಯ ಭಾರವೆಲ್ಲ ಹೊರಗೋಡೆಯದು. ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಪುರಾಣಕಥೆಗಳು, ಮಕರಗಳು, ಹಂಸಗಳು, ಅದಕ್ಕೂ ಮೇಲೆ ಆಳೆತ್ತರಕ್ಕೆ ದೇವತಾಮೂರ್ತಿಗಳು. ಗೋಡೆಯೋ ನೂರಾರು ಮಡಿಕೆಗಳಾಗಿ ಮುರಿದು ಸಾಗುವುದು. ಕಣ್ಣು ತಂಗಲು ಒಂದು ಗೇಣು ಬರಿಯ ಕಲ್ಲಿಲ್ಲ.

೧೮೭೬ರಲ್ಲಿ ಭಾರತೀಯ ವಾಸ್ತುಚರಿತ್ರೆಯನ್ನು ಬರೆದ ಫರ್ಗುಸನ್ ಸಾಹೇಬನು ಗ್ರೀಕರ ಪಾರ್ಥೆನಾನನ್ನೂ ಹಳೇಬೀಡಿನ ದೇವಾಲಯವನ್ನೂ ಕಲೆಯ ಎರಡು ಕೊನೆಗಳಲ್ಲಿ ನಿಲ್ಲಿಸಿ ಹೋಲಿಸಿದನು. ಅಲ್ಲಿ ಎಲ್ಲವೂ ಅಳತೆಗೆ ಒಳಪಟ್ಟ ಏಕರೂಪ, ಇಲ್ಲಿ ಎಲ್ಲವೂ ವೈವಿಧ್ಯ. ಹೊಯ್ಸಳ ಶಿಲ್ಪದಲ್ಲಿ ಬಿಡಿಯು ಇಡಿಯನ್ನು ನುಂಗಿಬಿಟ್ಟಿದೆ ಎಂಬ ದೂರು ವಿಮರ್ಶಕರಲ್ಲಿ ಕೇಳಿಬರುವುದುಂಟು. ಈ ದೂರನ್ನು ಮನಶ್ಶಾಸ್ತ್ರದ ಬೆಳಕಿನಲ್ಲಿ ನೋಡಿದರೆ ಸ್ವಾರಸ್ಯವಿದೆ. ಆಟಿಸಂ ಇರುವವರಲ್ಲಿ ಅನೇಕರ ಗಮನವು ಇಡಿಗಿಂತ ಮೊದಲು ಬಿಡಿಯನ್ನು ಹಿಡಿಯುವುದೆಂದು ಲಂಡನ್ನಿನ ಊಟಾ ಫ್ರಿತ್ ಎಂಬ ವಿದುಷಿಯು ೧೯೮೯ರಲ್ಲಿ ಪ್ರತಿಪಾದಿಸಿದರು. ಇದನ್ನು ಕೊರತೆಯೆನ್ನಬೇಕೇ ಶಕ್ತಿಯೆನ್ನಬೇಕೇ ಎಂಬ ಚರ್ಚೆಯು ಆ ಬಳಿಕ ನಡೆದೇ ಇದೆ. ಇಡಿಯ ಕಟ್ಟಡವನ್ನು ದೂರದಿಂದ ಒಮ್ಮೆಗೇ ನೋಡಿ ಆನಂದಿಸಬೇಕೆಂಬ ನಿಯಮವನ್ನಿಟ್ಟುಕೊಂಡವನಿಗೆ ಹಳೇಬೀಡು ಸಾಕುಸಾಕೆನಿಸಬಹುದು. ಬಿಡಿಯಿಂದ ಹೊರಡುವ ಕಣ್ಣಿಗೆ ಅದೇ ಗೋಡೆಯು ಮುಗಿಯದ ಹಬ್ಬ. ಒಂದೇ ಎತ್ತರದಲ್ಲಿ ಒಂದೇ ದಿಕ್ಕಿಗೆ ನಡೆಯುವ ಆನೆಗಳು, ಆದರೂ ಒಂದರ ಸೊಂಡಿಲಿನಂತೆ ಇನ್ನೊಂದರದಿಲ್ಲ. ಕ್ರಮವೂ ಉಂಟು, ಕ್ರಮದೊಳಗೆ ಭೇದವೂ ಉಂಟು. ಗೋಡೆಯ ಮಗ್ಗುಲಿಗೆ ಜಗತಿಯ ಅಗಲವಾದ ಅಟ್ಟೆಯಿರುವುದರಿಂದ ತನ್ನ ವೇಗದಲ್ಲಿ, ಯಾರ ದಾರಿಗೂ ಅಡ್ಡವಾಗದೆ, ಒಂದು ಸಾಲನ್ನೇ ಹಿಡಿದು ಸುತ್ತಿ ಬರಬಹುದು. ಯಾವ ಗುಣವನ್ನು ವಿಮರ್ಶಕನು ದೋಷವೆಂದು ಎಣಿಸಿದನೋ ಅದು ನೋಡುವವನ ಮನೋರಚನೆಗೆ ಸೇರಿದ ಮಾತೆಂಬುದು ಇದರಿಂದ ಸ್ಪಷ್ಟವಾಗುವುದು. ಸಾಹಿತ್ಯದ ಅಧ್ಯಾಪಕರು ಇದನ್ನು ನಮ್ಮ ಹಳೆಯ ಕಾವ್ಯಗಳ ಅಷ್ಟಾದಶ ವರ್ಣನೆಗಳಿಗೂ ಅನ್ವಯಿಸಿ ನೋಡಬಹುದು. ಅದು ಬೇರೆಯೇ ಲೇಖನದ ವಸ್ತು.

ಆದರೆ ಈ ಹಬ್ಬದಿಂದ ದಣಿದವನು ಎಲ್ಲಿಗೆ ಹೋಗಬೇಕು? ಹಳೇಬೀಡಿಗೆ ಅಂಟಿಕೊಂಡಿರುವ ಬಸ್ತಿಹಳ್ಳಿಯಲ್ಲಿ ಇದಕ್ಕೆ ಉತ್ತರವಿದೆ. ದಂಡನಾಯಕ ಗಂಗರಾಜನ ಮಗನಾದ ಬೊಪ್ಪನು ೧೧೩೩ರಲ್ಲಿ ತಂದೆಯ ನೆನಪಿಗಾಗಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯೂ ಅದರ ನೆರೆಯ ಬಸದಿಗಳೂ ಹೊಯ್ಸಳೇಶ್ವರದ ಕಾಲದವೇ, ಅದೇ ಬಳಪದ ಕಲ್ಲಿನವೇ. ಆದರೆ ಇವುಗಳ ಹೊರಗೋಡೆಗಳು ಬಹುಮಟ್ಟಿಗೆ ನಿರಾಡಂಬರ. ಒಳಗೆ ಚಾಣದಲ್ಲಿ ಕಡೆದಂತೆ ತೋರುವ, ಕನ್ನಡಿಯಂತೆ ಹೊಳೆಯುವ ಕಂಬಗಳು. ಅವುಗಳಾಚೆ ಅಲುಗದೆ ನಿಂತ ಒಂದೇ ಮೂರ್ತಿ. ಅದೇ ರಾಜಧಾನಿಯಲ್ಲಿ, ಅದೇ ತಲೆಮಾರಿನಲ್ಲಿ, ತುಂಬಿದ ಗೋಡೆಯೂ ಬರಿದಾದ ಗೋಡೆಯೂ ಜೊತೆಯಾಗಿ ಎದ್ದುವು. ಇವು ಎರಡು ಮತಗಳ ಬೇರೆ ಬೇರೆ ಅಭಿರುಚಿಗಳೆಂದು ಬರೆಯುವುದು ವಾಡಿಕೆ. ಇಂದ್ರಿಯಗಳ ಹೊರೆಗೆ ತಕ್ಕಂತೆ ವಲಯಗಳಿರಬೇಕೆಂದು ಇಂದು ಹೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಕರ್ಣಾಟಕದಲ್ಲಿ ಸುಲಭವಾಗಿ ದೊರೆಯಲಾರದು.

ಇನ್ನು ಅರಸೀಕೆರೆ. ಬೇಲೂರು ಹಳೇಬೀಡುಗಳು ೨೦೨೩ರಲ್ಲಿ ಸೋಮನಾಥಪುರದೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅರಸೀಕೆರೆಗೆ ಆ ಭಾಗ್ಯವಿಲ್ಲ. ಅಲ್ಲಿಯ ಈಶ್ವರ ದೇವಾಲಯವು ಸುಮಾರು ೧೨೨೦ರದು, ಎಂದರೆ ಬೇಲೂರಿಗಿಂತ ಒಂದು ಶತಮಾನ ಈಚಿನದು. ಗರ್ಭಗೃಹದ ತಲವಿನ್ಯಾಸವು ಹದಿನಾರು ಕೋನಗಳ ನಕ್ಷತ್ರ. ಅದರ ಮುಂದೆ ಮುಚ್ಚಿದ ನವರಂಗ. ಅದಕ್ಕೂ ಮುಂದೆ, ಪೂರ್ವಕ್ಕೆ ಮುಖಮಾಡಿ, ೨೧ ಕಂಬಗಳ ಮೇಲೆ ಗುಮ್ಮಟದಂತೆ ಏರಿದ ಚಾವಣಿಯನ್ನು ಹೊತ್ತ ನಕ್ಷತ್ರಾಕೃತಿಯ ತೆರೆದ ಮಂಟಪ. ಈ ಮಂಟಪದಂಥ ಇನ್ನೊಂದನ್ನು ಹೊಯ್ಸಳ ದೇಶದಲ್ಲಿ ಹುಡುಕಿ ತೆಗೆಯುವುದು ಕಷ್ಟ. ಬೇಲೂರಿನಲ್ಲಿ ಒಂದೇ ಮಂಟಪವು ಮೊದಲು ತೆರೆದಿದ್ದು ಆಮೇಲೆ ಮುಚ್ಚಿತಷ್ಟೆ. ಅರಸೀಕೆರೆಯ ಸ್ಥಪತಿಯು ತೆರೆದುದನ್ನೂ ಮುಚ್ಚಿದುದನ್ನೂ ಎರಡು ಬೇರೆ ಎಡೆಗಳಾಗಿ ಮಾಡಿ ಒಂದರ ಹಿಂದೆ ಒಂದನ್ನು ಇಟ್ಟನು. ಬಲ್ಲಾಳನ ಕಾಲದಲ್ಲಿ ಬೇಲೂರಿಗೆ ಜಾಲಂದ್ರಗಳನ್ನು ಹಾಕಿದ ಮೇಲೆ ಕಳೆದುಹೋದ ಅಂಚನ್ನು ಇಲ್ಲಿ ಮತ್ತೆ ಪಡೆದಂತಾಯಿತು. ಒಂದಕ್ಕೊಂದು ಕಾರಣವೆಂದು ಸಾಧಿಸಲು ಆಧಾರವಿಲ್ಲ. ಆದರೆ ಎರಡನ್ನೂ ಒಟ್ಟಿಗೆ ನೋಡಿದವನಿಗೆ ಈ ಸಂಬಂಧವು ತೋರದಿರದು.

ಈ ಅನುಕ್ರಮದ ಪರಿಣಾಮವನ್ನು ನಡೆದೇ ತಿಳಿಯಬೇಕು. ಅಂಗಳದ ಪೂರ್ಣ ಬಿಸಿಲಿನಿಂದ ಮಂಟಪದ ನೆರಳಿಗೆ ಬಂದಾಗ ಬೆಳಕು ಅರ್ಧವಾಗುವುದು; ನವರಂಗದಲ್ಲಿ ಮತ್ತೂ ಇಳಿಯುವುದು; ಗರ್ಭಗೃಹದಲ್ಲಿ ದೀಪದ ಬೆಳಕು ಮಾತ್ರ. ಶಬ್ದವೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದು. ಎಲ್ಲಿಯೂ ಒಮ್ಮೆಗೇ ಬಾಗಿಲು ಬಡಿದಂತಾಗುವುದಿಲ್ಲ. ಮೊದಲನೆಯ ಮೆಟ್ಟಿಲಲ್ಲಿಯೇ ನಿಲ್ಲಬೇಕೆಂದವನು ನಿಲ್ಲಬಹುದು. ಮಂಟಪದ ಹೊರ ಅಂಚು ನಕ್ಷತ್ರದ ಕೋನಗಳನ್ನನುಸರಿಸಿ ಮುರಿಮುರಿದು ಹೋಗುವುದರಿಂದ, ಅಂಚಿಗೆ ಕುಳಿತವರು ಒಬ್ಬೊಬ್ಬರೂ ಬೇರೆ ಬೇರೆ ದಿಕ್ಕಿಗೆ ತಿರುಗಿರುವರು. ನೇರವಾಗಿ ಕಣ್ಣಿಗೆ ಕಣ್ಣು ಕೂಡಿಸಬೇಕಾದ ಸಂಕಟವಿಲ್ಲ. ತಲೆಯ ಮೇಲೆ ಸೂರಿದೆ, ಬೆನ್ನಿಗೆ ಆಸರೆಯಿದೆ, ಎದುರಿಗೆ ಗುಡಿಯ ಬಾಗಿಲಿದೆ, ಹಿಂದೆ ಬಯಲಿದೆ. ಒಳಗೋ ಹೊರಗೋ ಎಂದು ಆರಿಸಲೇಬೇಕಾದ ಒತ್ತಾಯವಿಲ್ಲದೆ ಒಬ್ಬನು ಸಮುದಾಯದೊಳಗೆ ಇರಬಹುದಾದ ಇಂಥ ಎಡೆಯೇ ನನ್ನ ದೃಷ್ಟಿಯಲ್ಲಿ ಹೊಯ್ಸಳ ವಾಸ್ತುವು ಈ ಹೊಸ ಶಾಸ್ತ್ರಕ್ಕೆ ಕೊಡಬಲ್ಲ ಮುಖ್ಯವಾದ ಕಾಣಿಕೆ. ಇಂದಿನ ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ತೊಡಕಿನ ಮಕ್ಕಳಿಗೆಂದು ಒಂದು 'ಶಾಂತಕೊಠಡಿ'ಯನ್ನು ಮಾಡಿ ಬಾಗಿಲು ಹಾಕುವುದುಂಟು. ಅದರಿಂದ ಮಗುವಿಗೆ ಮೌನ ಸಿಕ್ಕುವುದು, ಸಂಗಡ ತಪ್ಪುವುದು. ಕಕ್ಷಾಸನದ ಅಂಚು ಎರಡನ್ನೂ ಉಳಿಸುವುದು.

ಸ್ಮಾರಕಗಳಲ್ಲಿ ಹೊಸದಾಗಿ ಏನನ್ನಾದರೂ ಕಟ್ಟುವುದು ಸುಲಭವಲ್ಲ. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ೧೦೦ ಮೀಟರುಗಳ ವರೆಗೆ ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ ೨೦೦ ಮೀಟರುಗಳಲ್ಲಿ ನಿಯಂತ್ರಿಸಿತು. ಇದು ಒಳ್ಳೆಯದೇ. ಇಲ್ಲಿ ಬೇಕಾಗಿರುವುದು ಕಟ್ಟುವುದಲ್ಲ, ಇರುವುದನ್ನು ಮುಚ್ಚದಿರುವುದು. ಅನೇಕ ದೇವಾಲಯಗಳಲ್ಲಿ ಜನರ ಸಾಲನ್ನು ನಡೆಸಲು ಕಬ್ಬಿಣದ ಕಂಬಿಗಳನ್ನು ಹೂಡಿ ಒಂದೇ ಬಾಗಿಲಿನಿಂದ ಒಳಗೂ ಇನ್ನೊಂದೇ ಬಾಗಿಲಿನಿಂದ ಹೊರಗೂ ಬಿಡುವ ಪದ್ಧತಿಯುಂಟು. ಮಿಕ್ಕ ಬಾಗಿಲುಗಳು ಬೀಗದಲ್ಲಿರುತ್ತವೆ. ಜಗಲಿಯ ಮೇಲೆ ಸಾಮಾನು ಬೀಳುತ್ತದೆ. ಧ್ವನಿವರ್ಧಕವು ಕಲ್ಲಿನ ಸೂರಿನಡಿಯಲ್ಲಿ ಕೂಗುತ್ತದೆ. ಎಂಟುನೂರು ವರ್ಷಗಳಿಂದ ಕಲ್ಲಿನಲ್ಲಿ ಉಳಿದುಬಂದ ಅನುಕೂಲವು ಹೀಗೆ ಒಂದು ಬೀಗದಿಂದ ಇಲ್ಲವಾಗುವುದು. ವಾರದಲ್ಲಿ ಕೆಲವು ಗಂಟೆಗಳ ಹೊತ್ತು ಧ್ವನಿವರ್ಧಕವಿಲ್ಲದ ದರ್ಶನ, ಎಲ್ಲ ಬಾಗಿಲುಗಳ ಬಳಕೆ, ಜಗಲಿಯಲ್ಲಿ ಕುಳಿತಿರುವವರನ್ನು ಎಬ್ಬಿಸದಿರುವುದು, ಒಳಗೆ ಮುಂದೆ ಏನಿದೆಯೆಂಬುದನ್ನು ಚಿತ್ರಗಳಿಂದ ತಿಳಿಸುವ ಒಂದು ಹಾಳೆ, ಇಷ್ಟಕ್ಕೆ ಒಂದು ಕಲ್ಲನ್ನೂ ಅಲುಗಿಸಬೇಕಾಗಿಲ್ಲ.

ಮೂರು ಊರುಗಳನ್ನೂ ನೋಡಬೇಕೆಂದಿರುವ ಕುಟುಂಬಗಳಿಗೆ ಕ್ರಮದ ವಿಷಯವಾಗಿ ಒಂದು ಮಾತು. ಸಾಮಾನ್ಯವಾಗಿ ಪ್ರವಾಸಿಗಳು ಬೇಲೂರಿನಿಂದ ಆರಂಭಿಸಿ ಹಳೇಬೀಡಿಗೆ ಬಂದು ಹೊತ್ತು ಮೀರಿತೆಂದು ಬಸ್ತಿಹಳ್ಳಿಯನ್ನು ಬಿಡುವರು. ಅರಸೀಕೆರೆಯಾದರೋ ರೈಲು ಬದಲಿಸುವ ನಿಲ್ದಾಣವಾಗಿ ಮಾತ್ರ ಬಹುಜನಕ್ಕೆ ಪರಿಚಿತ. ಭಿನ್ನಗ್ರಾಹಿಯಾದ ಮಗುವನ್ನು ಕರೆದೊಯ್ಯುವವರು ಇದನ್ನು ತಿರುಗಿಸಬೇಕು. ಮೊದಲು ಅರಸೀಕೆರೆಯ ಮಂಟಪ, ಬೆಳಗಿನ ಹೊತ್ತಿನಲ್ಲಿ, ಪೂರ್ವದ ಬಿಸಿಲು ಕಂಬಗಳ ಬುಡಕ್ಕೆ ಓರೆಯಾಗಿ ಬೀಳುವಾಗ. ಆಮೇಲೆ ಬಸ್ತಿಹಳ್ಳಿಯ ಬಸದಿಗಳು. ಆಮೇಲೆ ಹೊಯ್ಸಳೇಶ್ವರದ ಗೋಡೆ, ಅದೂ ಆನೆಗಳ ಸಾಲಿನಿಂದ ಹಿಡಿದು. ಬೇಲೂರಿನ ನವರಂಗವು ಇನ್ನೊಂದು ದಿನಕ್ಕೆ ಇರಲಿ; ಅಲ್ಲಿಗೆ ಹೋದಾಗ ಮಗುವಿಗೆ ಮೂರು ಬಾಗಿಲುಗಳನ್ನೂ ಹೊರಗಿನಿಂದಲೇ ತೋರಿಸಿ, ಆಮೇಲೆ ಒಳಗೆ ಕರೆದುಕೊಂಡು ಹೋಗತಕ್ಕದ್ದು.